ಊದುಬತ್ತಿಯ ಹೆಸರಿನಲ್ಲಿರುವ ಮರ

ದೂರದರ್ಶನದಲ್ಲಿ ಕೆಲಸ ಮಾಡುವವರಿಗೆ ಒಂದು ಕೊರತೆ ಇದ್ದೇ ಇದೆ. ಬಣ್ಣವನ್ನು ತೋರಿಸಬಹುದು, ಧ್ವನಿಯನ್ನು ಕೇಳಿಸಬಹುದು. ವಾಸನೆಯನ್ನು ಮಾತ್ರ ನಿಮ್ಮ ಮನೆಗೆ ತಲುಪಿಸಲಾಗದು. ಆದ್ದರಿಂದ ಪರಿಮಳವನ್ನು ಕುರಿತ ಈ ಮಾತುಕತೆಗೆ ಮುದ್ರಿತ ಪುಟಗಳ ನೆರವು ಸ್ವಲ್ಪ ಹೆಚ್ಚಾಗಿಯೇ ಬೇಕಾಗಿದೆ.

ಒಮ್ಮೆ ಚಿತ್ರೀಕರಣಕ್ಕೆಂದು ಮೂಡಿಗೆರೆಯಿಂದ ಕೊಟ್ಟಿಗೆಹಾರ ದಾಟಿ ಕಳಸದ ಕಡೆಗೆ ಹೊರಟಿದ್ದೆವು. ದಾರಿಯಲ್ಲಿ ಒಂದು ಕಾಫಿ ತೋಟದ ಅಂಚಿನಲ್ಲಿ ನೆಟ್ಟಗೆ ಬೆಳೆದ ಕೆಲವು ಮರಗಳು ಕಂಡವು. ಬುಡದಿಂದ ಎದೆಮಟ್ಟದವರೆಗೆ ಕಾಂಡದ ತುಂಬ ಡ್ರಿಲ್ಲಿನಿಂದ ಕೊರೆದ ತೂತುಗಳು. ತೋಟದವರು ಅದನ್ನು ಅಗರು ಮರ ಎಂದರು. ನಮ್ಮ ಕ್ಯಾಮೆರಾದವರು ಮೂಗು ಹಚ್ಚಿ ನೋಡಿ, “ಏನೂ ವಾಸನೆ ಇಲ್ಲವಲ್ಲ ಸಾರ್” ಎಂದರು. ತೋಟದವರು ನಕ್ಕು, “ಇನ್ನೂ ಕಾಯಿಲೆ ಹಿಡಿದಿಲ್ಲ. ಹಿಡಿಯಬೇಕು” ಎಂದರು.

ತನ್ನ ಮರಕ್ಕೆ ಕಾಯಿಲೆ ಬರಲೆಂದು ಕಾಯುವ ಬೆಳೆಗಾರನನ್ನು ನಾನು ಅದುವರೆಗೆ ಕಂಡಿರಲಿಲ್ಲ. ಹೀಗೇಕೆ ಎಂದು ತಿಳಿಯಲು ನಾವು ಬಹಳ ಹಿಂದಕ್ಕೆ ಹೋಗಬೇಕಾಗುತ್ತದೆ.

ಹೆಸರು ಬಂದಿತ್ತು, ಮರ ಬಂದಿರಲಿಲ್ಲ

ನಾವು ದಿನವೂ ಹಚ್ಚುವ ಕಡ್ಡಿಗೆ ಕನ್ನಡದಲ್ಲಿ ಎರಡು ಹೆಸರುಗಳಿವೆ: ಅಗರಬತ್ತಿ ಮತ್ತು ಊದುಬತ್ತಿ. ಮೊದಲನೆಯದರಲ್ಲಿರುವುದು ಸಂಸ್ಕೃತದ ‘ಅಗರು’. ಎರಡನೆಯದು ಬಾಯಿಂದ ಊದುವುದಕ್ಕೆ ಸಂಬಂಧಿಸಿದ್ದು ಎಂದು ಹಲವರು ಭಾವಿಸುತ್ತಾರೆ. ವಾಸ್ತವವಾಗಿ ಅದು ಅರಬ್ಬೀ ಭಾಷೆಯ ‘ಊದ್’. ಇಂದು ಸುಗಂಧದ ಅಂಗಡಿಗಳಲ್ಲಿ ದುಬಾರಿ ಬಾಟಲಿಗಳ ಮೇಲೆ ಕಾಣುವ ಊದ್ ಕೂಡ ಇದೇ. ಎರಡು ಹೆಸರುಗಳೂ ಒಂದೇ ಮರವನ್ನು ಸೂಚಿಸುತ್ತವೆ. ಸಾಮಾನ್ಯ ಬೆಲೆಯ ಕಡ್ಡಿಯಲ್ಲಿ ಆ ಮರ ಇರುವುದಿಲ್ಲ. ಅದರ ಹೆಸರಷ್ಟೇ ಉಳಿದಿದೆ.

ಸಸ್ಯಶಾಸ್ತ್ರದಲ್ಲಿ ಈ ಮರಕ್ಕೆ ಅಕ್ವಿಲೇರಿಯಾ ಮಲಾಕೆನ್ಸಿಸ್ ಎಂದು ಹೆಸರು. ಇದರ ತವರು ಅಸ್ಸಾಂ ಮತ್ತು ಸುತ್ತಲಿನ ಬೆಟ್ಟಗಳಿಂದ ಹಿಡಿದು ಆಗ್ನೇಯ ಏಷ್ಯಾದವರೆಗೆ ಹಬ್ಬಿದೆ. ಕೌಟಿಲ್ಯನ ಅರ್ಥಶಾಸ್ತ್ರವು ಭಂಡಾರಕ್ಕೆ ಸೇರಬೇಕಾದ ಬೆಲೆಬಾಳುವ ವಸ್ತುಗಳಲ್ಲಿ ಅಗರುವಿನ ಬಗೆಗಳನ್ನು ಹೆಸರಿಸಿ ವಿವರಿಸುತ್ತದೆ. ಕಾಳಿದಾಸನ ರಘುವಂಶದಲ್ಲಿ ಕಾಮರೂಪದ, ಅಂದರೆ ಇಂದಿನ ಅಸ್ಸಾಂ ಕಡೆಯ, ಕಾಲಾಗರು ಮರಗಳಿಗೆ ರಘುವಿನ ಆನೆಗಳನ್ನು ಕಟ್ಟಿದ ಪ್ರಸಂಗ ಬರುತ್ತದೆ. 7ನೆಯ ಶತಮಾನದಲ್ಲಿ ಕಾಮರೂಪದ ಭಾಸ್ಕರವರ್ಮನು ಹರ್ಷನಿಗೆ ಕಳುಹಿಸಿದ ಕಾಣಿಕೆಗಳಲ್ಲಿ ಕರಿ ಅಗರುವಿನ ತೈಲವೂ ಇತ್ತೆಂದು ಬಾಣಭಟ್ಟ ಬರೆದಿದ್ದಾನೆ.

ಕನ್ನಡ ನಾಡಿಗೆ ಇದು ವ್ಯಾಪಾರದ ಸರಕಾಗಿಯೇ ಬಂದಿರಬೇಕು. ಗಂಧ, ಕರ್ಪೂರ, ಕಸ್ತೂರಿ, ಕೇಸರಿಗಳನ್ನು ಹೊತ್ತು ದೇಶದೇಶ ತಿರುಗುತ್ತಿದ್ದ ಅಯ್ಯಾವೊಳೆ ಐನೂರ್ವರ ವೈಭವವನ್ನು 11ನೆಯ ಶತಮಾನದ ಶಾಸನಗಳು ಸಾರುತ್ತವೆ. ಅದೇ ಶತಮಾನದ ಕನ್ನಡ ಗ್ರಂಥ, ಚಾವುಂಡರಾಯನ ಲೋಕೋಪಕಾರವು ಕೃಷಿ, ಅಡುಗೆ, ವೈದ್ಯಗಳ ಜೊತೆಗೆ ಸುಗಂಧ ತಯಾರಿಕೆಯನ್ನೂ ಹೇಳಿಕೊಡುತ್ತದೆ. ಮುಂದಿನ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ 3ನೆಯ ಸೋಮೇಶ್ವರನ ಮಾನಸೋಲ್ಲಾಸವು ರಾಜನ ಭೋಗಗಳಲ್ಲಿ ಲೇಪನಕ್ಕೂ ಧೂಪಕ್ಕೂ ಪ್ರತ್ಯೇಕ ಭಾಗಗಳನ್ನೇ ಮೀಸಲಿಟ್ಟಿತು. ನಮ್ಮ ಮಲೆನಾಡಿಗೆ ತನ್ನದೇ ಆದ ಧೂಪಗಳಿದ್ದವು. ಸಾಲುಧೂಪದ ರಾಳ, ಹಾಲುಮಡ್ಡಿ ಇವು ಘಟ್ಟದ ಕಾಡಿನ ಉತ್ಪನ್ನಗಳು. ಅಗರು ಮಾತ್ರ ಹೊರಗಿನಿಂದಲೇ ಬರಬೇಕಿತ್ತು.

ರೋಗದಿಂದ ಬರುವ ಪರಿಮಳ

ಆರೋಗ್ಯವಂತ ಅಗರು ಮರದ ತಿರುಳು ಬಿಳಿ ಬಣ್ಣದ್ದು, ಹಗುರವಾದದ್ದು, ಅದಕ್ಕೆ ಪರಿಮಳವಿಲ್ಲ. ಅಸ್ಸಾಮಿನಲ್ಲಿ ಜ್ಯೂಜೆರಾ ಕಾನ್ಫರ್ಟಾ ಎಂಬ ಪತಂಗದ ಹುಳು ಈ ಮರದ ಕಾಂಡವನ್ನು ಕೊರೆಯುತ್ತದೆ. ಆ ಗಾಯದ ಮೂಲಕ ಶಿಲೀಂಧ್ರಗಳು ಒಳಗೆ ನುಗ್ಗುತ್ತವೆ. ಸೋಂಕು ಹರಡದಂತೆ ತಡೆಯಲು ಮರವು ಗಾಯದ ಸುತ್ತ ಕಪ್ಪಗಿನ ರಾಳವನ್ನು ತುಂಬಿಸುತ್ತಾ ಹೋಗುತ್ತದೆ. ಆ ರಾಳ ತುಂಬಿದ ಕಟ್ಟಿಗೆಯೇ ಅಗರು. ರಾಳ ಹೆಚ್ಚಾದಂತೆ ತೂಕವೂ ಹೆಚ್ಚುತ್ತದೆ. ಉತ್ತಮ ದರ್ಜೆಯ ತುಂಡು ನೀರಿನಲ್ಲಿ ಮುಳುಗುತ್ತದೆ. ಚೀನಾ ಮತ್ತು ಜಪಾನಿನಲ್ಲಿ ಇದಕ್ಕಿರುವ ಹೆಸರಿನ ಅರ್ಥವೇ ‘ಮುಳುಗುವ ಪರಿಮಳ’ ಎಂದು.

ಕಾಫಿ ಮನೆತನದ ವಿದ್ಯಾರ್ಥಿಗಳಿಗೆ ಇಲ್ಲಿ ಒಂದು ವಿಚಿತ್ರ ಕಾಣಿಸದಿರದು. ಅರೇಬಿಕಾ ಗಿಡದ ದೊಡ್ಡ ಶತ್ರು ಬಿಳಿ ಕಾಂಡಕೊರಕ. ಅದನ್ನು ತಡೆಯಲು ಕಾಂಡ ಉಜ್ಜುತ್ತಾರೆ, ಸುಣ್ಣ ಬಳಿಯುತ್ತಾರೆ. ಹುಳ ಬಿದ್ದ ಗಿಡವನ್ನು ಕಿತ್ತು ಸುಡುತ್ತಾರೆ. ಅದೇ ತೋಟದ ಅಗರು ಮರಕ್ಕೆ ಮನುಷ್ಯನೇ ಹುಳದ ಕೆಲಸ ಮಾಡಬೇಕಾಗುತ್ತದೆ. ತೂತು ಕೊರೆದು, ಶಿಲೀಂಧ್ರವಿರುವ ದ್ರವವನ್ನು ಒಳಗೆ ಬಿಟ್ಟು, ತಿಂಗಳುಗಟ್ಟಲೆ ಕಾಯಬೇಕು. ನಾವು ನೋಡಿದ ಮರಗಳಿಗೆ ಆಗಿದ್ದು ಇದೇ.

ಯಾರಿಗೆ ಒಪ್ಪುವ ಪರಿಮಳ?

ಪಾಶ್ಚಾತ್ಯ ಸುಗಂಧ ಉದ್ಯಮವು ಇಂಥ ಪರಿಮಳಗಳನ್ನು ‘ವುಡಿ ಓರಿಯೆಂಟಲ್’ ಎಂಬ ಗುಂಪಿಗೆ ಸೇರಿಸುತ್ತಿತ್ತು. 2002ರಲ್ಲಿ ಈವ್ ಸಾಂ ಲೋರಾಂ ಸಂಸ್ಥೆಯ ‘ಎಂ7’ ಬಂದ ಮೇಲೆ ಯೂರೋಪಿನ ದೊಡ್ಡ ಮಾರುಕಟ್ಟೆಗೆ ಊದ್ ಪರಿಚಿತವಾಯಿತು. ‘ಓರಿಯೆಂಟಲ್’ ಎಂಬ ಮಾತು ಪೂರ್ವದೇಶಗಳವರನ್ನು ಒಂದೇ ಅಚ್ಚಿನಲ್ಲಿ ನೋಡುತ್ತದೆಂಬ ಆಕ್ಷೇಪ ಎದ್ದು, ಸುಗಂಧಗಳನ್ನು ವರ್ಗೀಕರಿಸುವ ಮೈಕಲ್ ಎಡ್ವರ್ಡ್ಸ್ 2021ರಲ್ಲಿ ಆ ಪದವನ್ನು ಕೈಬಿಟ್ಟು ‘ಆಂಬರ್’ ಎಂದು ಬದಲಿಸಿದರು.

ಆದರೂ ಜಾಹೀರಾತುಗಳು ಊದ್ ಗಂಭೀರ ಸ್ವಭಾವದವರಿಗೆ, ನಿಗೂಢ ವ್ಯಕ್ತಿತ್ವದವರಿಗೆ ಎಂದು ಹೇಳುತ್ತಲೇ ಇವೆ. ವಿಜ್ಞಾನದ ವಿದ್ಯಾರ್ಥಿಯಾಗಿದ್ದವನಿಗೆ ಇದನ್ನು ಕೇಳಿ ಸುಮ್ಮನಿರಲು ಕಷ್ಟ. ನಿಂಬೆಯ ವಾಸನೆಗೆ ಮುಖ್ಯ ಕಾರಣವಾದ ಲಿಮೊನೀನ್ ಅಣುವಿನಲ್ಲಿ 10 ಕಾರ್ಬನ್ ಪರಮಾಣುಗಳಿವೆ. ಅದು ಬೇಗ ಆವಿಯಾಗುತ್ತದೆ. ಅಗರು ತೈಲದ ಮುಖ್ಯ ಅಣುಗಳಾದ ಸೆಸ್ಕ್ವಿಟರ್ಪೀನ್‌ಗಳಲ್ಲಿ 15 ಕಾರ್ಬನ್‌ಗಳಿವೆ. ಅವು ಭಾರವಾದ್ದರಿಂದ ನಿಧಾನವಾಗಿ ಆವಿಯಾಗುತ್ತವೆ. ಬೆಳಿಗ್ಗೆ ಹಚ್ಚಿದ್ದು ಸಂಜೆಯವರೆಗೂ ಉಳಿಯುವುದು ಈ ಕಾರಣಕ್ಕೆ. ಜಾಹೀರಾತು ಇದನ್ನೇ ‘ಆಳ’ ಎಂದು ಕರೆದು, ಹಚ್ಚಿಕೊಂಡವನ ಸ್ವಭಾವಕ್ಕೆ ಅಂಟಿಸುತ್ತದೆ.

ನಮ್ಮ ಹಿರಿಯರು ಪರಿಮಳವನ್ನು ಹೊಂದಿಸುತ್ತಿದ್ದ ಕ್ರಮವೇ ಬೇರೆಯಾಗಿತ್ತು. ಚರಕಸಂಹಿತೆಯ ಋತುಚರ್ಯೆಯಲ್ಲಿ ಹೇಮಂತದ ಚಳಿಗೆ ದಟ್ಟ ಅಗರು ಲೇಪ, ವಸಂತದಲ್ಲಿ ಚಂದನದೊಡನೆ ಅಗರು ಎಂಬ ವಿಧಾನವಿದೆ. ಅಲ್ಲಿ ನೋಡುವುದು ಋತುವನ್ನು. 6ನೆಯ ಶತಮಾನದ ವರಾಹಮಿಹಿರನಂತೂ ಬೃಹತ್ಸಂಹಿತೆಯ ಗಂಧಯುಕ್ತಿ ಅಧ್ಯಾಯದಲ್ಲಿ ಅಗರು, ಚಂದನ ಸೇರಿದ 16 ದ್ರವ್ಯಗಳಿಂದ ನಾಲ್ಕು ನಾಲ್ಕನ್ನು ಆರಿಸಿದರೆ 1820 ಮಿಶ್ರಣಗಳಾಗುತ್ತವೆ ಎಂದು ಲೆಕ್ಕ ಹಾಕಿಟ್ಟಿದ್ದಾನೆ. ಕಾಲೇಜಿನಲ್ಲಿ ಸಂಯೋಜನೆಗಳ ಪಾಠ ಓದುವವರು ಈ ಸಂಖ್ಯೆಯನ್ನು ತಾವೇ ಪರೀಕ್ಷಿಸಬಹುದು.

ಕಾಫಿ ಬಂದ ದಾರಿ, ಅಗರು ಹೋಗುವ ದಾರಿ

17ನೆಯ ಶತಮಾನದಲ್ಲಿ ಬಾಬಾ ಬುಡನ್ ಅವರು ಯೆಮನ್ ದೇಶದ ಮೋಕಾದಿಂದ ಏಳು ಕಾಫಿ ಬೀಜಗಳನ್ನು ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ಬಿತ್ತಿದರೆಂಬ ಐತಿಹ್ಯ ನಿಮಗೆ ಗೊತ್ತಿದೆ. ಅರೇಬಿಯಾದಿಂದ ಬಂದ ಬೀಜ ಈ ಬೆಟ್ಟಗಳ ಬದುಕನ್ನೇ ಬದಲಿಸಿತು. ಈಗ ಅರಬ್ ನಾಡುಗಳು ಬಹುವಾಗಿ ಮೆಚ್ಚುವ ಮರವೊಂದನ್ನು ಅದೇ ಬೆಟ್ಟಗಳಲ್ಲಿ ನೆಡಲಾಗುತ್ತಿದೆ.

ಇದಕ್ಕೆ ಕಾರಣವೂ ಕಾಫಿಯೇ. 1996ರ ಹೊತ್ತಿಗೆ ಕಾಫಿ ಮಂಡಳಿಯ ಪೂಲಿಂಗ್ ಪದ್ಧತಿ ಕೊನೆಗೊಂಡು ಬೆಳೆಗಾರರು ನೇರವಾಗಿ ಮಾರುಕಟ್ಟೆಗೆ ಬಂದರು. 2001-02ರಲ್ಲಿ ಜಾಗತಿಕ ಬೆಲೆ ಕುಸಿಯಿತು. ಆಗ ಹಲವರು ವೆನಿಲ್ಲಾ ಬಳ್ಳಿ ಹಬ್ಬಿಸಿದರು. ಮಡಗಾಸ್ಕರಿನ ಬೆಳೆ ಚಂಡಮಾರುತಕ್ಕೆ ಸಿಕ್ಕಿದ್ದರಿಂದ 2003ರಲ್ಲಿ ವೆನಿಲ್ಲಾ ಬೆಲೆ ಆಕಾಶಕ್ಕೇರಿತ್ತು. ಅಲ್ಲಿ ಫಸಲು ಚೇತರಿಸಿಕೊಂಡ ಕೂಡಲೇ ಇಲ್ಲಿ ಬೆಲೆ ಬಿದ್ದುಹೋಯಿತು. ಆ ಬಳ್ಳಿಗಳನ್ನು ಕಿತ್ತ ಕೈಗಳು ಈ ಭಾಗದಲ್ಲಿ ಇಂದಿಗೂ ಇವೆ. ಅಗರು ಹರಡಿದ್ದು ಇದೇ ಎರಡು ದಶಕಗಳಲ್ಲಿ.

ಗಂಧದ ಮರದ ಇತಿಹಾಸವೂ ನೆನಪಿಡತಕ್ಕದ್ದು. 1792ರಲ್ಲಿ ಟಿಪ್ಪು ಸುಲ್ತಾನ್ ಅದನ್ನು ರಾಜವೃಕ್ಷವೆಂದು ಸಾರಿದ. ಮುಂದೆಯೂ ರೈತನ ಹೊಲದಲ್ಲಿ ಹುಟ್ಟಿದ ಗಂಧ ಸರ್ಕಾರದ ಸ್ವತ್ತೇ ಆಗಿತ್ತು. ಕರ್ನಾಟಕದಲ್ಲಿ ಬೆಳೆದವನಿಗೇ ಅದರ ಒಡೆತನ ಸಿಕ್ಕಿದ್ದು 2001ರ ತಿದ್ದುಪಡಿಯಿಂದ. ಅಗರುವಿನ ತೊಡಕು ಇನ್ನೊಂದು ಬಗೆಯದು. ತವರಿನ ಕಾಡುಗಳಲ್ಲಿ ರಾಳದ ಆಸೆಗೆ ಗಾಯವಿಲ್ಲದ ಮರಗಳನ್ನೂ ಕಡಿದದ್ದರಿಂದ ಅದು ಅಳಿವಿನಂಚಿಗೆ ಬಂದಿತು. 1995ರಿಂದ ಅದರ ಅಂತಾರಾಷ್ಟ್ರೀಯ ವ್ಯಾಪಾರ ಸೈಟಿಸ್ ಒಪ್ಪಂದದ ನಿಯಂತ್ರಣದಲ್ಲಿದೆ. ಆದ್ದರಿಂದ ತೋಟದಲ್ಲಿ ಬೆಳೆದ ಮರವನ್ನು ಹೊರದೇಶಕ್ಕೆ ಕಳುಹಿಸಲೂ ದಾಖಲೆ, ಅನುಮತಿಗಳು ಬೇಕು.

ತೋಟದಲ್ಲಿ ಬೆಳೆದ ಮರದಿಂದ ಕಾಡಿನ ಮರ ಉಳಿಯುವುದಾದರೆ ಅದು ದೊಡ್ಡ ಲಾಭ. ಆದರೆ ನಿಮ್ಮ ಮನೆಯಲ್ಲಿ ಯಾರಾದರೂ ಅಗರು ಸಸಿ ಕೊಳ್ಳಲು ಹೊರಟರೆ ಮೂರು ಪ್ರಶ್ನೆ ಕೇಳಿ: ರಾಳ ಕಟ್ಟಿಸುವವರು ಯಾರು, ಎಷ್ಟು ರಾಳ ಬಂದಿದೆ ಎಂದು ಅಳೆಯುವವರು ಯಾರು, ಕೊಳ್ಳುವವರು ಯಾರು? ಮೂರಕ್ಕೂ ಉತ್ತರ ಸಸಿ ಮಾರುವವರೊಬ್ಬರೇ ಆಗಿದ್ದರೆ, ಹಣ ಕೊಡುವ ಮೊದಲು ವೆನಿಲ್ಲಾ ಬೆಳೆದ ಹಿರಿಯರೊಬ್ಬರನ್ನು ಮಾತನಾಡಿಸಿ ಬನ್ನಿ.