ಎರಡು ಹೊಳೆ, ಒಂದು ಪ್ರತ್ಯಯ

ಎರಡೂ ಹೊಳೆ ಸೇರುವ ಕೂಡ್ಲಿಗಿಂತ ಮೇಲೆ ‘ತುಂಗೆಯಲ್ಲೂ ಭದ್ರೆಯಲ್ಲೂ ನೀರು ಬಂದಿದೆ’ ಎನ್ನುತ್ತೇವೆ. ಎರಡು ಹೆಸರು, ಎರಡು ವಿಭಕ್ತಿ. ಕೂಡ್ಲಿ ದಾಟಿ, ಹೊನ್ನಾಳಿ ದಾಟಿ ಉಕ್ಕಡಗಾತ್ರಿಗೆ ಬರುವಷ್ಟರಲ್ಲಿ ಅದೇ ನೀರು ‘ತುಂಗಭದ್ರೆಯಲ್ಲಿ’ ಹರಿಯುತ್ತಿರುತ್ತದೆ. ‘ತುಂಗೆ’ಯ ಕೊನೆಯ ಎಕಾರ ಕರಗಿದೆ, ಎರಡಕ್ಕೂ ಸೇರಿ ಒಂದೇ ‘ಅಲ್ಲಿ’ ಉಳಿದಿದೆ. ನೆಲದ ಮೇಲೆ ಆದದ್ದೇ ಪದದೊಳಗೂ ಆಗಿದೆ. ಪದಕ್ಕೂ ವಸ್ತುವಿಗೂ ಇರುವ ನಂಟು ಬರೀ ರೂಢಿಯದು ಎಂದು 1916ರಲ್ಲಿ ಅಚ್ಚಾದ, ಭಾಷಾವಿಜ್ಞಾನಿ ಸೊಸ್ಯೂರನ ಉಪನ್ಯಾಸಗಳು ಕಲಿಸಿದವು. ‘ತುಂಗೆ’ ಎಂಬ ಸದ್ದಿನಲ್ಲಿ ನೀರಿಲ್ಲ, ನಿಜ. ಆದರೆ ಹೋಲಿಕೆ ಸದ್ದಿನಲ್ಲೇ ಇರಬೇಕೆಂದೇನಿಲ್ಲ. ನಕ್ಷೆ ಊರನ್ನು ಹೋಲುವಂತೆ ಪದದ ಜೋಡಣೆ ವಸ್ತುವಿನ ಜೋಡಣೆಯನ್ನು ಹೋಲಬಹುದು. ಜೋಡುಪದಗಳಿಗೆ ಸೊಸ್ಯೂರನೂ ಒಂದಿಷ್ಟು ವಿನಾಯಿತಿ ಕೊಟ್ಟಿದ್ದ.

ಇದಕ್ಕೆ ಕಲ್ಲಿನ ಸಾಕ್ಷಿ ಹರಿಹರದಲ್ಲಿದೆ. ಹಿಂದೆ ಕೂಡಲೂರು ಎನಿಸಿದ್ದ ಆ ಊರಲ್ಲಿ, ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಗುಡಿಯ ಮೂರ್ತಿಗೆ ಬಲಭಾಗ ಶಿವನದು, ಎಡಭಾಗ ವಿಷ್ಣುವಿನದು. ಮೈ ಒಂದೇ. ಹೆಸರಿನಲ್ಲಿ ‘ಹರಿ’ಗೂ ‘ಹರ’ನಿಗೂ ಒಂದು ಸ್ವರದ ಅಂತರ ಮಾತ್ರ. ಹಾಗಾದರೆ ಹರಿ ಏಕೆ ಮೊದಲು ಎಂದು ಕೇಳಬಹುದು. ಅದು ಮೂರ್ತಿಯಿಂದ ಬಂದದ್ದಲ್ಲ: ದ್ವಂದ್ವದಲ್ಲಿ ಇಕಾರಾಂತ ಪದ ಮುಂದೆ ಬರಬೇಕೆಂಬುದು ಪಾಣಿನಿಯ ಸೂತ್ರ, ಅದಕ್ಕೆ ಪಂಡಿತರು ಕೊಡುವ ಉದಾಹರಣೆಯೇ ‘ಹರಿಹರೌ’. ಕ್ರಮವನ್ನು ವ್ಯಾಕರಣಕ್ಕೇ ಬಿಟ್ಟುಕೊಡೋಣ. ಆದರೆ ‘ಹರಿಹರೌ’ ದ್ವಿವಚನ, ಇಬ್ಬರು ದೇವರು. ಈ ಗುಡಿಯಲ್ಲಿ ಪೂಜೆ ‘ಹರಿಹರನಿಗೆ’. ಕೊನೆಗೊಂದೇ ಪ್ರತ್ಯಯ ಬರುವುದು ಎಲ್ಲ ಸಮಾಸದ ಗುಣ ತಾನೆ ಎಂದರೆ, ‘ಗಿಡಮರಗಳಲ್ಲಿ’, ‘ತಂದೆತಾಯಿಗಳಿಗೆ’ ಎಂದು ಹೇಳಿ ನೋಡಬೇಕು. ಅಲ್ಲಿ ‘ಗಳು’ ಸಾಮಾನ್ಯವಾಗಿ ಬಿಡುವುದಿಲ್ಲ, ಲೆಕ್ಕ ಉಳಿದೇ ಇರುತ್ತದೆ. ತುಂಗಭದ್ರೆಗೂ ಹರಿಹರನಿಗೂ ಕನ್ನಡ ಆ ಬಹುವಚನ ಹಚ್ಚಲಿಲ್ಲ. ಎಷ್ಟು ಸೂಕ್ಷ್ಮವಾದ ತೀರ್ಮಾನ ಅದು!

ಉಕ್ಕಡಗಾತ್ರಿಯಲ್ಲಿ ಕರಿಬಸವೇಶ್ವರ ಅಜ್ಜಯ್ಯನ ದರ್ಶನಕ್ಕೆ ಬಂದವರು ಬರೀ ‘ಹೊಳಿ’ಯಲ್ಲಿ ಮೀಯುತ್ತಾರೆ, ಈ ಹೆಸರಿನ ಸೊಗಸು ಪುಸ್ತಕದವರಿಗಷ್ಟೇ ಎಂಬ ಮಾತಿನಲ್ಲಿ ಹುರುಳಿದೆ. ಎದುರಿಗೆ ಹರಿಯುವುದಕ್ಕೆ ಹೆಸರೇಕೆ? ದೂರದ ಊರಿನವರಿಗೆ ಯಾವ ಹೊಳೆ ಎಂದು ಹೇಳಬೇಕಾದಾಗ ಹೆಸರು ಬೇಕಾಗುತ್ತದೆ. ಇನ್ನು, ಕೂಡಿದ ನೀರೆಲ್ಲ ಹೆಸರನ್ನೂ ಕೂಡಿಸುವುದಿಲ್ಲವಲ್ಲ ಎಂಬುದು ಹೆಚ್ಚು ಗಟ್ಟಿಯಾದ ಆಕ್ಷೇಪ. ನನ್ನ ವಾದಕ್ಕೆ ಬಲ ಬರುವುದೂ ಅಲ್ಲಿಂದಲೇ. ತುಂಗೆ ಸುಮಾರು 147 ಕಿ.ಮೀ., ಭದ್ರೆ ಸುಮಾರು 178. ಇಬ್ಬರೂ ಗಂಗಾಮೂಲದಲ್ಲಿ ಹುಟ್ಟಿದವರು, ಸರಿಸಮಾನರು. ಹರಿಹರದ ಬಳಿ ಬಂದು ಸೇರುವ ಹರಿದ್ರಾ ಚಿಕ್ಕ ಹಳ್ಳ, ಅದಕ್ಕೆ ಹೆಸರಿನಲ್ಲಿ ಒಂದಕ್ಷರದ ಪಾಲೂ ಸಿಗಲಿಲ್ಲ. ಮುಂದೆ ಕೃಷ್ಣೆಯನ್ನು ಸೇರುವಾಗ ತುಂಗಭದ್ರೆಗೂ ಸಿಗುವುದಿಲ್ಲ. ಅಲ್ಲಿಂದ ಸಮುದ್ರದವರೆಗೆ ನೀರೆಲ್ಲ ಕೃಷ್ಣೆಯದೇ.