ಓಶೇಗೆ ಎಷ್ಟು ಮಾರ್ಕ್ಸ್?

2003ರ ಆಗಸ್ಟ್ 6. ಲಿಸ್ಬನ್ನಿನಲ್ಲಿ ಸ್ಪೋರ್ಟಿಂಗ್ ಕ್ಲಬ್ಬಿನ ಹೊಸ ಸ್ಟೇಡಿಯಂ ಉದ್ಘಾಟನೆ. ಎದುರಾಳಿ ಮ್ಯಾಂಚೆಸ್ಟರ್ ಯುನೈಟೆಡ್. ಸೀಸನ್ನಿಗೆ ಮುಂಚಿನ ಬರೀ ಸ್ನೇಹಪಂದ್ಯ, ಗೆದ್ದರೂ ಪಾಯಿಂಟಿಲ್ಲ. ಯುನೈಟೆಡ್ 3-1ರಿಂದ ಸೋತಿತು. ಸ್ಪೋರ್ಟಿಂಗ್‌ನ 18ರ ಹುಡುಗ ರೊನಾಲ್ಡೊ ಗೋಲೇನೂ ಹೊಡೆಯಲಿಲ್ಲ. ಆದರೆ ತನ್ನನ್ನು ತಡೆಯಬೇಕಿದ್ದ ಜಾನ್ ಓಶೇಗೆ ಬೆವರಿಳಿಸಿಬಿಟ್ಟ. ಆರೇ ದಿನದಲ್ಲಿ ಯುನೈಟೆಡ್ 1.2 ಕೋಟಿ ಪೌಂಡಿಗೂ ಹೆಚ್ಚು ಕೊಟ್ಟು ಅವನನ್ನು ಕೊಂಡಿತು.

ಆ ಪಂದ್ಯದ ಮಾತು ಬಂದರೆ ಅಭಿಮಾನಿಗಳು ಈಗಲೂ ಓಶೇಗೆ ಸೊನ್ನೆ ಮಾರ್ಕ್ಸ್ ಕೊಟ್ಟು ನಗುತ್ತಾರೆ. ಅದೇ ಓಶೇ ಯುನೈಟೆಡ್ ಜೊತೆ 5 ಸಲ ಪ್ರೀಮಿಯರ್ ಲೀಗ್ ಗೆದ್ದ, ಐರ್ಲೆಂಡಿಗೆ 118 ಪಂದ್ಯ ಆಡಿದ! ಒಂದು ಮ್ಯಾಚು ನೋಡಿ ರೊನಾಲ್ಡೊ ಲೆಕ್ಕ ಸರಿ ಹಾಕಿದವರು ಓಶೇ ಲೆಕ್ಕದಲ್ಲಿ ಎಡವಿದ್ದರು.

ಅಪ್ರೈಸಲ್ ಹೊತ್ತಿಗೆ ಮ್ಯಾನೇಜರುಗಳಿಗೂ ಈ ಕಥೆ ಹೇಳಬೇಕು. ಏನಂತೀರಾ?