ಕೆರೆಯ ನೀರು, ಕಪಾಟಿನ ಪುಸ್ತಕ

ಕುಳಗೇರಿ ಕ್ರಾಸಿನಲ್ಲಿ ನಿಂತು ನಮ್ಮಪ್ಪ ಬಂದ ಬಂದ ಬಸ್ಸಿನವರನ್ನೆಲ್ಲ ಕೇಳುತ್ತಿದ್ದ: ‘ಬದಾಮಿಗಿ ಹೋಗತೈತೇನ್ರೀ?’ ಬೋರ್ಡು ಕಣ್ಣೆದುರಿಗೇ ಇರುತ್ತಿತ್ತು. ಅವನಿಗೆ ಅಕ್ಷರ ಬರುತ್ತಿರಲಿಲ್ಲ. ಅದೇ ಬಾದಾಮಿಯ ಮೂರನೆಯ ಗುಹೆಯಲ್ಲಿ ಕ್ರಿ.ಶ. ೫೭೮ರ ಮಂಗಳೇಶನ ಶಾಸನವಿದೆ. ಆ ಕಲ್ಲು ಒಡೆದ ಕೈಗಳು ಯಾರವು? ಅದನ್ನು ಓದಿದ ಕಣ್ಣುಗಳು ಯಾರವು? ಈ ಎರಡು ಪ್ರಶ್ನೆಗಳ ನಡುವೆ ನಮ್ಮ ಚರಿತ್ರೆ ಬಿದ್ದಿದೆ.

೧೯೨೩ರಲ್ಲಿ ಮುಂಬಯಿ ಶಾಸನಸಭೆ ಎಸ್.ಕೆ. ಬೋಲೆಯವರ ಠರಾವನ್ನು ಒಪ್ಪಿತು: ಸಾರ್ವಜನಿಕ ಹಣದಿಂದ ಕಟ್ಟಿದ, ನಡೆಸುವ ಕೆರೆ, ಬಾವಿ, ಶಾಲೆ, ದವಾಖಾನೆಗಳು ಅಸ್ಪೃಶ್ಯರಿಗೂ ತೆರೆದಿರಬೇಕು. ನಮ್ಮ ಬಾದಾಮಿಯೂ ಆಗ ಅದೇ ಪ್ರಾಂತ್ಯದಲ್ಲಿತ್ತು. ಠರಾವು ಕಾಗದದಲ್ಲೇ ಕೂತಿತು. ೧೯೨೭ರಲ್ಲಿ ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ಮಹಾಡದ ಚವದಾರ ಕೆರೆಗಿಳಿದು ನೀರು ಕುಡಿಯಬೇಕಾಯಿತು. ಆ ಹಕ್ಕನ್ನು ಹೈಕೋರ್ಟು ಎತ್ತಿಹಿಡಿಯುವಷ್ಟರಲ್ಲಿ ೧೯೩೭ ಬಂದಿತ್ತು. ಈ ನಡುವೆ ಅವರು ದಾದರಿನಲ್ಲಿ ತಮ್ಮ ಪುಸ್ತಕಗಳಿಗೂ ಜಾಗವಾಗಲೆಂದು ‘ರಾಜಗೃಹ’ ಕಟ್ಟಿಸಿದರು.

ಊರ ಹಣದ ಕೆರೆ ಊರವರೆಲ್ಲರದು ಎಂಬ ಮಾತನ್ನೇ ನಾನು ಗ್ರಂಥಾಲಯಕ್ಕೂ ಹೇಳುತ್ತೇನೆ. ೧೯೩೧ರಲ್ಲಿ ಎಸ್.ಆರ್. ರಂಗನಾಥನ್ ಗ್ರಂಥಾಲಯಕ್ಕೆ ಐದು ಸೂತ್ರ ಕೊಟ್ಟರು. ಪುಸ್ತಕ ಬಳಸಲಿಕ್ಕೆ, ಬೀಗ ಹಾಕಿ ಕಾಯಲಿಕ್ಕಲ್ಲ ಎಂಬುದು ಮೊದಲನೆಯದರ ತಿರುಳು. ೧೯೬೫ರಲ್ಲಿ ನಮ್ಮ ರಾಜ್ಯದ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಆಯಿತು. ಮನಿಪಟ್ಟಿಯ ಮೇಲೆ ಗ್ರಂಥಾಲಯ ಕರ ಬಂತು. ಈಗ ಅದು ರೂಪಾಯಿಗೆ ಆರು ಪೈಸೆ. ಅಂದರೆ ಬೋರ್ಡು ಓದಲಾರದ ನಮ್ಮಪ್ಪನೂ ಪುಸ್ತಕಕ್ಕೆ ರೊಕ್ಕ ಕೊಟ್ಟವನೇ. ಇದರಲ್ಲಿ ಯಾರ ದಾನವೂ ಇಲ್ಲ.

೨೦೧೯ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿದವು. ೨೦೨೦ರಲ್ಲಿ ‘ಓದುವ ಬೆಳಕು’ ಎಂಬ ಹೆಸರಿನಲ್ಲಿ ಮಕ್ಕಳಿಗೆ ಪುಕ್ಕಟೆ ಸದಸ್ಯತ್ವ ಬಂತು. ಒಳ್ಳೇದೇ ಆತು. ಆದರೆ ಬೀಗದಕೈ ಯಾರ ಹತ್ತಿರ? ವರ್ಷಗಟ್ಟಲೆ ಗೌರವಧನಕ್ಕೆ ದುಡಿದ ಮೇಲ್ವಿಚಾರಕರ ಹತ್ತಿರ. ಅವರ ಹೊಟ್ಟೆಯ ಪ್ರಶ್ನೆ, ನಮ್ಮ ಮಕ್ಕಳ ಓದಿನ ಪ್ರಶ್ನೆ ಬೇರೆ ಬೇರೆ ಅಲ್ಲ. ಹೊಸ್ತಿಲಲ್ಲಿ ಹಿಂಜರಿದು ನಿಂತ ಹುಡುಗಿಗೆ ‘ಒಳಗ ಬಾರವ್ವಾ’ ಅಂದು ಕೈಗೆ ಪುಸ್ತಕ ಕೊಡುವವರೇ ನಿಜವಾದ ಗ್ರಂಥಪಾಲಕರು. ಅಂಥವರ ಬೆನ್ನಿಗೆ ನಾವು ನಿಲ್ಲಬೇಕು.

ಗೆಳೆಯರೇ, ಮಾಸ್ತರರೇ, ನಿಮ್ಮೂರಿನ ಗ್ರಂಥಾಲಯದ ಸದಸ್ಯರ ಪಟ್ಟಿ ತೆಗೆಸಿ ನೋಡಿರಿ. ಅದರಲ್ಲಿ ಕೇರಿಯ ಹೆಸರು ಎಷ್ಟು? ಒಂದೂ ಇಲ್ಲವಾದರೆ ಇವತ್ತೇ ಸಂಜಿಗೆ ಹತ್ತು ಮಕ್ಕಳನ್ನು ಕರಕೊಂಡು ಒಳಗೆ ಹೋಗಿರಿ. ಮಹಾಡದ ಕೆರೆಗೂ ಜನ ಹಾಗೇ ಇಳಿದರು.